ತಿರುಗುವ ತೋಪಿಗೆ ಕೀಲೆಣ್ಣೆ

ಕಿರುಗುಟ್ಟುವ ಸದ್ದು ಕಿವಿಗೆ ಬಿದ್ದರೆ ಸಾಕು, ನನ್ನ ಕೈ ತಾನಾಗಿಯೇ ಎಣ್ಣೆಯ ಡಬ್ಬಿಯನ್ನು ಹುಡುಕುತ್ತದೆ. ಭಾಲ್ಕಿಯ ಅಡತಿ ಅಂಗಡಿಗಳಿಗೆ ಮೂವತ್ತು ವರ್ಷ ತೊಗರಿಚೀಲ ಹೊತ್ತ ಎತ್ತಿನ ಬಂಡಿ ಹೊಡೆದವನ ರೋಗ ಇದು. ಬಾಗಿಲ ತಿರುಗಣಿ, ಓಣಿಯ ಬೋರಿಂಗು, ಕಿರಾಣಿಯವನ ತಕ್ಕಡಿ, ಯಾವುದನ್ನೂ ನಾನು ಬಿಟ್ಟವನಲ್ಲ. ಓದು ನಾಲ್ಕನೆಯ ಇಯತ್ತೆಗೆ ನಿಂತುಹೋದ ನನಗೆ ಖಚಿತವಾಗಿ ಗೊತ್ತಿದ್ದ ಶಾಸ್ತ್ರ ಒಂದೇ: ತಿರುಗುವುದೆಲ್ಲ ಎಣ್ಣೆ ಬೇಡುತ್ತದೆ. ಆ ಶಾಸ್ತ್ರವೂ ಸುಳ್ಳೆಂದು ತೋರಿಸಿದವಳು ನನ್ನ ಮೊಮ್ಮಗಳು ಸುಜಾತಾ. ಹೇಳದಿದ್ದರೆ ಈ ಸಂತೋಷ ನನ್ನೊಳಗೆ ಹಿಡಿಸುವುದಿಲ್ಲ, ಸ್ವಲ್ಪ ಕುಳಿತುಕೊಳ್ಳಿ.

ಎರಡು ವರ್ಷ ಮಳೆ ಬರಲಿಲ್ಲ. ಔರಾದ ಕಡೆಯ ನಮ್ಮ ಹೊಲ ಬಿತ್ತಿದ ಬೀಜವನ್ನೂ ಹಿಂದಿರುಗಿಸಲಿಲ್ಲ. ಮಗ ಮತ್ತು ಸೊಸೆ ಶೋಭಾ ಎಳೆಗೂಸನ್ನು ಕಟ್ಟಿಕೊಂಡು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದರು. ಒಂಬತ್ತನೆಯ ತರಗತಿಯ ಸುಜಾತಾ ನೌಬಾದದಲ್ಲಿ ನನ್ನ ಮತ್ತು ನನ್ನ ಹೆಂಡತಿಯ ಬಳಿ ಉಳಿದಳು. ವಿಜ್ಞಾನದ ಟೀಚರು ಕೊಟ್ಟ ಹಳೆಯ ಸಣ್ಣ ಮೋಟರುಗಳಿಂದ ಅವಳೊಂದು ಆಟಿಕೆಯ ತೋಪು ಮಾಡಿದಳು. ಬೀದರ ಕೋಟೆಯ ತೋಪನ್ನು ಹತ್ತು ಮಂದಿ ತಳ್ಳಿದರೂ ಅದು ಮಿಸುಕದು. ಇದಾದರೋ ರಿಮೋಟಿನ ಗುಂಡಿ ಒತ್ತಿದೊಡನೆ ಎಡಕ್ಕೂ ಬಲಕ್ಕೂ ಕತ್ತು ಹೊರಳಿಸುತ್ತಿತ್ತು. ಬಾಯಲ್ಲಿ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ ಎರಡು ಪುಟ್ಟ ಗಾಲಿಗಳು. ಅವುಗಳ ನಡುವೆ ಸಿಕ್ಕ ಸ್ಪಂಜಿನ ಉಂಡೆ ಚಿಮ್ಮಿ ಗೋಡೆಗೆ ಬಡಿಯುತ್ತಿತ್ತು.

ಎಳ್ಳಮಾವಾಸ್ಯೆಗೆ ಮಗ-ಸೊಸೆ ಬಂದರು. ಚಹಾ ಕುಡಿಯುವಾಗಲೇ ಶೋಭಾ ಹೇಳಿಬಿಟ್ಟಳು: "ಈ ಸಲ ಸುಜಿಗಿ ಕರಕೊಂಡು ಹೋಗ್ತೇವ್ರಿ ಮಾಮಾ. ಕೂಸು ಅಂಬೆಗಾಲ ಹಾಕ್ಲತದ. ಸುತ್ತಲೂ ಕಬ್ಬಿಣದ ಸರಳು, ನೀರಿನ ಟಾಕಿ. ನಾ ಬುಟ್ಟಿ ಹೊರಬೇಕೋ, ಅದರ ಹಿಂದ ಓಡಬೇಕೋ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಹುಡುಗನಿದ್ದಾಗಿನ ದೊಡ್ಡ ಬರದಲ್ಲಿ ನನ್ನವ್ವನೂ ಇದನ್ನೇ ಹೇಳಿ, ಜಲ್ಲಿ ಒಡೆಯುವ ಜಾಗಕ್ಕೆ ತಂಗಿಯನ್ನು ನೋಡಿಕೊಳ್ಳಲು ನನ್ನನ್ನು ಕರೆದೊಯ್ದಿದ್ದಳು. ನಾಲ್ಕೇ ತಿಂಗಳು ಎಂದಿದ್ದಳು. ತಿರುಗಿ ಬಂದಾಗ ನನ್ನ ಪಾಟಿಚೀಲ ಮನೆಯ ಗೂಟದಲ್ಲಿಯೇ ತೂಗುತ್ತಿತ್ತು; ಶಾಲೆಯಲ್ಲಿ ನನ್ನ ಜಾಗದಲ್ಲಿ ಬೇರೆ ಹುಡುಗ ಕುಳಿತಿದ್ದ. ಮುಂದೆ ನಾನು ಆ ಕಡೆ ಸುಳಿಯಲಿಲ್ಲ.

ಮರುದಿನ ಹಬ್ಬದ ಪೂಜೆಗೆ ಹೊಲಕ್ಕೆ ಹೊರಡುವ ಮುನ್ನ ತನ್ನ ಅವ್ವನಿಗೆ ತೋಪು ತೋರಿಸಬೇಕೆಂದು ಸುಜಾತಾಳ ಆಸೆ. ಬೆಳಗ್ಗೆ ಅವಳು ಅದನ್ನು ತಿರುಗಿಸಿ ನೋಡಿ ಸ್ನಾನಕ್ಕೆ ಹೋದಳು. ನನಗೆ ಕಿರ್ ಎಂದದ್ದು ಕೇಳಿಸಿತು. ಉಳಿದದ್ದನ್ನು ನೀವೇ ಊಹಿಸಬಲ್ಲಿರಿ. ಆ ಎರಡು ಗಾಲಿಗಳಿಗೂ ಬಂಡಿಯ ಕೀಲೆಣ್ಣೆಯನ್ನು ಪ್ರೀತಿಯಿಂದ ಮೆತ್ತಿದೆ.

ಎಲ್ಲರೂ ಅಂಗಳದಲ್ಲಿ ಕುಳಿತಾಗ ಸುಜಾತಾ ಗುಂಡಿ ಒತ್ತಿದಳು. ಗಾಲಿಗಳು ಭರ್ರನೆ ತಿರುಗಿದವು. ಹಿಡಿತವಿಲ್ಲದೆ ಜಾರಿದ ಉಂಡೆ, ಹಲ್ಲಿಲ್ಲದ ಬಾಯಿಂದ ಎಲೆಅಡಿಕೆ ಜಾರುವಂತೆ, ತೋಪಿನ ಬುಡದಲ್ಲಿಯೇ ತೊಪ್ಪನೆ ಬಿತ್ತು. ಹುಡುಗಿ ಗಾಲಿಯನ್ನು ಮುಟ್ಟಿ ಬೆರಳನ್ನು ಮೂಸಿದಳು.

"ನಾ ಎಣ್ಣಿ ಹಾಕೀನವ್ವಾ," ಎಂದೆ.

"ಮುತ್ಯಾ, ರಬ್ಬರ್ ಉಂಡಿಗಿ ಗಟ್ಟಿ ಹಿಡೀಬೇಕು. ಜಾರಿದ್ರ ಹ್ಯಾಂಗ ಹಾರ್ತದ?"

ಶೋಭಾ ಎದ್ದು ಒಲೆಯಿಂದ ಒಂದು ಹಿಡಿ ಬೂದಿ ತಂದಳು. "ಜಿಡ್ಡಿಗಿ ಬೂದಿನೇ ಔಷಧ. ಗಾಲಿ ಬಿಚ್ಚಿಕೊಡು ಇಲ್ಲಿ." ಸಿಮೆಂಟು ತಿಂದು ಬಿರಿದ ಬೆರಳುಗಳಿಂದ ಅವಳು ರಬ್ಬರನ್ನು ತಿಕ್ಕುತ್ತಿದ್ದರೆ, ಮಗಳು ಪಕ್ಕದಲ್ಲಿ ಕುಳಿತು ಯಾವ ತಂತಿ ಎಲ್ಲಿಗೆ, ಯಾಕೆ ಎಂದು ಹೇಳುತ್ತ ಹೋದಳು. ಗಾಲಿ ಸೇರಿಸಿದ ಮೇಲೆ ಶೋಭಾಳೇ ಗುಂಡಿ ಒತ್ತಿದಳು. ಉಂಡೆ ಹಾರಿ ನನ್ನ ಟೋಪಿಯನ್ನು ಕೆಡವಿತು.

"ಯಾರು ಕಲಿಸ್ಯಾರ ಇದು ನಿನಗಿ?"

"ಯಾರೂ ಇಲ್ಲವ್ವಾ. ತಪ್ಪು ಮಾಡಿ ಮಾಡಿ ಬಂತು."

ಶೋಭಾ ರಿಮೋಟನ್ನು ಮಗಳ ಕೈಗೆ ಕೊಟ್ಟು ನನ್ನ ಕಡೆ ತಿರುಗಿದಳು. "ಇಕಿಗಿ ಇಲ್ಲೇ ಸಾಲಿಗಿ ಬಿಟ್ಟು ಹೋಗಬೇಕಂತ ನನಗೂ ಅನಸ್ತದ್ರಿ ಮಾಮಾ. ಆದ್ರ ಕೂಸಿಗಿ ಯಾರು ನೋಡ್ಬೇಕು?"

"ನಾ ಬರ್ತೇನಿ," ಎಂದೆ. "ಸುಜಿ ಇಲ್ಲೇ ನಿಮ್ಮತ್ತಿ ಬಲ್ಲಿ ಇರ್ಲಿ."

"ನೀವಾ? ಆಟಗಿ ಸಾಮಾನಿಗೇ ಎಣ್ಣಿ ಹಾಕಿ ಕೆಡಿಸಿದವರು, ಕೂಸಿಗಿ ಏನ್ ಮಾಡ್ತೀರೋ ಏನೋ."

"ಕೂಸಿಗಿ ಎಣ್ಣಿ ಹಚ್ಚಿದ್ರ ಕೆಡಂಗಿಲ್ಲವ್ವಾ," ಎಂದೆ.

ಅವಳು ನಕ್ಕಳು; ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಪುಣೆಯಲ್ಲಿ, ಅರ್ಧ ಕಟ್ಟಿದ ಕಟ್ಟಡದ ನೆರಳಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕೂಸು ನನ್ನ ಧೋತರದ ಚುಂಗನ್ನು ಜಗ್ಗುತ್ತಿದೆ, ಒತ್ತಕ್ಷರಗಳು ತಪ್ಪಿದ್ದರೆ ದೂರನ್ನು ಅದರ ಮೇಲೆ ಹಾಕಿ. ನಿನ್ನೆ ಇಲ್ಲಿಯ ಕೂಲಿಗಳ ಮುಕಾದಮ ಹಾಜರಿ ಬರೆಯುತ್ತ ಬಂದು, "ಬಾಬಾ, ನೀವೇನ್ ಕೆಲಸ ಮಾಡ್ತೀರಿ?" ಎಂದು ಕೇಳಿದ. ಮಗ ಬಾಯಿ ತೆರೆಯುವ ಮೊದಲೇ ನಾನು ಎದೆಯುಬ್ಬಿಸಿ ಹೇಳಿದೆ:

"ಮೊಮ್ಮಗಳಿಗಿ ಸಾಲಿ ಓದಸ್ತೇನ್ರಿ."