ಲೈಲ್ ಬಿಟ್ಟುಹೋದ ಬೀಗ

ನನ್ನ ಅಕ್ಕನ ಮಗ ಲೈಲ್‌ಗೆ ನಲವತ್ತು ಹತ್ತಿರವಾಗಿತ್ತು. ವಿಸ್ಕಾನ್ಸಿನ್‌ನ ನಮ್ಮೂರಿನ ಚೀಸ್ ಕಾರ್ಖಾನೆಯಲ್ಲಿ ಅವನು ಯಂತ್ರ ರಿಪೇರಿಯವರ ಸಹಾಯಕ, ನಾನು ಪ್ಯಾಕಿಂಗ್‌ನವಳು. ಆ ಬೇಸಿಗೆಯಿಡೀ ಅವನು ನನ್ನ ತಲೆ ತಿಂದದ್ದು ಒಂದೇ ವಿಷಯಕ್ಕೆ. ಎಲೆಕ್ಟ್ರಿಕಲ್ ಟೆಕ್ನಿಷಿಯನ್ನಿನ ಎರಡು ವರ್ಷದ ಡಿಗ್ರಿಗೆ ಸೇರುವುದೋ, ಬೇಡವೋ?

ಶುಕ್ರವಾರ ಕರಿದ ಮೀನು ತಿನ್ನಲು ಕ್ಲಬ್ಬಿಗೆ ಹೋದರೂ ಅವನಿಗೆ ಅದೇ ಜಪ. ಅರ್ಧ ಫೀಸು ಕಾರ್ಖಾನೆ ಕೊಡುತ್ತದೆ, ಸರಿ. ಆದರೆ ಪಾಸಾದ ಮೇಲೆ. ಶನಿವಾರದ ಓವರ್‌ಟೈಮ್ ಹೋಗುತ್ತದೆ. ಮುಗಿದರೆ ಸಂಬಳ ಒಂದೂವರೆ ಪಟ್ಟು. ಅಷ್ಟರಲ್ಲಿ ಕಾರ್ಖಾನೆಯೇ ಮುಚ್ಚಿದರೆ?

"ಮುಚ್ಚಿದ್ರೆ ಡಿಗ್ರಿ ಇದ್ದೋನಿಗೆ ಬೇರೆ ಕಡೆ ಕೆಲಸ ಸಿಗುತ್ತೆ, ನಿನಗೆ ಮೀನೂ ಸಿಗಲ್ಲ. ತಿನ್ನು, ಆರಿಹೋಗ್ತಿದೆ," ಎಂದು ನಾನು ಗದರುತ್ತಿದ್ದೆ. ಅವನ ಹೆಂಡತಿ ಟ್ಯಾಮಿ ಕಣ್ಣು ತಗ್ಗಿಸಿ ನಗುತ್ತಿದ್ದಳು. ಅವಳಿಗೂ ಸಾಕಾಗಿತ್ತು.

ಹೆಸರು ಬರೆಸುವ ಕೊನೆಯ ದಿನ ಬಂತು. ಮಧ್ಯಾಹ್ನ ಪಾಳಿ ಮುಗಿದದ್ದೇ ಲೈಲ್ ಕಾಲೇಜಿಗೆ ಹೊರಟ. ನನ್ನ ಪಾಳಿ ಆಗಷ್ಟೇ ಶುರುವಾಗಿತ್ತು. ಅರ್ಧ ಗಂಟೆಯಾದರೂ ನಮ್ಮ ಸಾಲಿನ ಯಂತ್ರ ಅಲ್ಲಾಡಲಿಲ್ಲ. ಹೋಗಿ ನೋಡಿದರೆ ಕರೆಂಟಿನ ಸ್ವಿಚ್ಚಿಗೆ ಕೆಂಪು ಬೀಗ, ಅದರ ಮೇಲೆ ಲೈಲ್‌ನ ಫೋಟೋ.

ಯಂತ್ರದೊಳಗೆ ಕೈ ಹಾಕುವವನು ಮೊದಲು ಸ್ವಿಚ್ ಆರಿಸಿ ತನ್ನ ಬೀಗ ಹಾಕಬೇಕು, ಕೆಲಸ ಮುಗಿದ ಮೇಲೆ ತಾನೇ ತೆಗೆಯಬೇಕು. ಬೇರೆಯವರು ಮುಟ್ಟುವಂತಿಲ್ಲ. ಬೀಗ ಬಿಟ್ಟು ಗೇಟು ದಾಟಿದವನಿಗೆ ಫೋನ್ ಮಾಡಿ, ಅವನು ಹೊರಗಿದ್ದಾನೆಂದು ಖಚಿತಪಡಿಸಿಕೊಂಡು ಬೀಗ ಕತ್ತರಿಸುತ್ತಾರೆ. ಅವನ ಹೆಸರಿಗೆ ಸುರಕ್ಷತೆಯ ತಪ್ಪು ಬೀಳುತ್ತದೆ. ಆ ವರ್ಷ ತಪ್ಪು ಬಿದ್ದವನಿಗೆ ಕಾರ್ಖಾನೆ ಫೀಸು ಕೊಡುವುದಿಲ್ಲ.

ಮೇಲ್ವಿಚಾರಕ ಗ್ಯಾರಿ ಕೆಟ್ಟವನಲ್ಲ. ಆದರೂ ಬೀಗ ಕತ್ತರಿಸುವ ದೊಡ್ಡ ಕತ್ತರಿ ಹಿಡಿದೇ ಬಂದ. "ಫೋನ್ ಮಾಡಿ ಡೊರೀನ್. ಅಲ್ಲಿ ಚೀಸ್ ಗಟ್ಟಿಯಾಗ್ತಾ ಇದೆ."

ಮಾಡಿದೆ. "ಎಲ್ಲಿದ್ದೀಯೋ?"

"ಕಾಲೇಜಲ್ಲಿ, ಚಿಕ್ಕಮ್ಮ. ಕ್ಯೂನಲ್ಲಿ."

"ನಿನ್ನ ಬೀಗ ಇಲ್ಲೇ ನೇತಾಡ್ತಿದೆ, ದಡ್ಡ ಮುಂಡೇದೆ!"

"ಕತ್ತರಿಸಬೇಡಿ ಅನ್ನು. ಬಂದೆ," ಎಂದು ಫೋನ್ ಇಟ್ಟುಬಿಟ್ಟ.

ಕಾಲೇಜು ಮುಕ್ಕಾಲು ಗಂಟೆಯ ದಾರಿ. ಬಂದರೆ ಸೀಟು ಹೋಯಿತು, ಬರದಿದ್ದರೆ ಫೀಸು ಹೋಯಿತು. ಗ್ಯಾರಿಯ ಕೈಯಲ್ಲಿ ಕತ್ತರಿ ಬಾಯಿ ತೆರೆದೇ ಇತ್ತು. "ಅಷ್ಟು ಹೊತ್ತು ನಾನು ಕಾಯೋಕಾಗಲ್ಲ, ಡೊರೀನ್," ಎಂದ. ಅವನು ಹೇಳಿ ಮುಗಿಸುವುದಕ್ಕೂ ಲೈಲ್ ಓಡುತ್ತಾ ಒಳಗೆ ಬರುವುದಕ್ಕೂ ಸರಿಹೋಯಿತು.

ಬೀಗ ತೆಗೆದ, ಸ್ವಿಚ್ ಎತ್ತಿದ, ಯಂತ್ರ ಗುಡುಗಿತು. ಯಾರ ಮುಖವನ್ನೂ ನೋಡಲಿಲ್ಲ.

"ಹಾರಿಕೊಂಡು ಬಂದ್ಯಾ?" ಎಂದು ಕೇಳಿದೆ.

"ಪಾರ್ಕಿಂಗ್‌ನಲ್ಲೇ ಇದ್ದೆ, ಚಿಕ್ಕಮ್ಮ. ಕಾರು ಸ್ಟಾರ್ಟ್ ಮಾಡೋಕೆ ಆಗಲಿಲ್ಲ."

"ಕೆಟ್ಟಿತ್ತಾ?"

"ಇಲ್ಲ."

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಗ್ಯಾರಿ ಮಾತ್ರ ತಲೆ ಕೆರೆದುಕೊಂಡು, "ಪಾರ್ಕಿಂಗ್ ಅಂದ್ರೆ ಗೇಟಿನ ಒಳಗೇ ಆಯ್ತಲ್ಲ. ಗೇಟು ದಾಟಿಲ್ಲ, ಬೀಗಾನೂ ತಾನೇ ತೆಗೆದಿದ್ದಾನೆ. ನಾನೇನು ಬರೀಲಿ?" ಎಂದ. ಕತ್ತರಿ ಕೆಳಗಿಟ್ಟು ನನ್ನ ಕಡೆ ತಿರುಗಿದ. "ಕಾಲೇಜು ಬಾಗಿಲು ಹಾಕೋಕೆ ಇನ್ನೂ ಹೊತ್ತಿದೆ. ನೀವೂ ಜೊತೆಗೆ ಹೋಗಿ. ಒಬ್ಬನೇ ಹೋದ್ರೆ ಮತ್ತೆ ಅಲ್ಲೇ ಕೂತಿರ್ತಾನೆ."

ಕಾರು ನಾನೇ ಓಡಿಸಿದೆ. ಮೆಕ್ಕೆಜೋಳದ ಹೊಲಗಳು ಮುಗಿದವು. ಅವನು ಮೆಲ್ಲಗೆ, "ದುಡ್ಡಿನ ಚಿಂತೆ ಅಲ್ಲ ಚಿಕ್ಕಮ್ಮ, ಅದು ಹೇಗೋ ಆಗುತ್ತೆ. ಸ್ಕೂಲಲ್ಲಿ ಗಣಿತ ಎರಡು ಸಲ ಫೇಲಾಗಿದ್ದೆ. ಟ್ಯಾಮಿಗೆ ಗೊತ್ತಿಲ್ಲ. ಹುಡುಗರ ಮಧ್ಯೆ ಕೂತು ಈ ವಯಸ್ಸಲ್ಲೂ ಫೇಲಾದ್ರೆ ಅವಳ ಮುಂದೆ ಹೇಗೆ ನಿಲ್ಲಲಿ?" ಎಂದ.

ಬೇಸಿಗೆಯಿಡೀ ಅವನು ಡಾಲರ್ ಲೆಕ್ಕ ಹೇಳಿದ, ನಾನು ಡಾಲರಿಗೇ ಉತ್ತರ ಕೊಟ್ಟೆ. ಅವನು ಪಾಸಾಗುತ್ತಾನೆಂಬ ನಂಬಿಕೆ ನನಗೂ ಪೂರ್ತಿ ಇರಲಿಲ್ಲ, ಸುಳ್ಳೇಕೆ ಹೇಳಲಿ. ಗಾಡಿಯನ್ನು ಇನ್ನಷ್ಟು ಜೋರು ಮಾಡಿದೆ.

ಕಾಲೇಜಿನ ಮುಂದೆ ಇಳಿಸಿ ನಾನು ಕಾರಿನಲ್ಲೇ ಕೂತೆ. ಅವನು ಬಾಗಿಲ ತನಕ ಹೋಗಿ ನಿಂತ, ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಒಳಗೆ ಹೋದ. ಈಗ ಬಂದ, ಈಗ ಬಂದ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಬರಲಿಲ್ಲ. ಬೇಗ ಬರಬೇಡಪ್ಪಾ ಎಂದು ಅಷ್ಟು ಜೀವ ಬಿಗಿಹಿಡಿದು ನಾನು ಯಾರನ್ನೂ ಕಾದಿಲ್ಲ.

ಒಳಗಿನ ದೀಪಗಳು ಒಂದೊಂದಾಗಿ ಆರಿದ ಮೇಲೆ ಹೊರಗೆ ಬಂದ. ಮುಖ ಸುಣ್ಣವಾಗಿತ್ತು.

"ಸೋಮವಾರದಿಂದ ಕ್ಲಾಸು," ಎಂದ. "ದಾರೀಲಿ ಎಲ್ಲೂ ನಿಲ್ಲಿಸಬೇಡ ಚಿಕ್ಕಮ್ಮ. ಧೈರ್ಯ ಇರೋವಾಗ್ಲೇ ಟ್ಯಾಮಿಗೆ ಗಣಿತದ ವಿಷಯ ಹೇಳಿಬಿಡ್ತೀನಿ."