ಅಕ್ಕ ಒರೆಸದೆ ಬಿಟ್ಟ ಗೆರೆ

ಪಕ್ಕದ ಮೊಬೈಲ್ ಅಂಗಡಿಯವನು ಕಳೆದ ವಾರ ತನ್ನ ಗೋಡೆಗೆ ಹೊಡೆದಿದ್ದ ಪ್ಲೈವುಡ್ ಕೀಳಿಸಿದ. ಮಳೆ ಹಿಡಿದ ಮೇಲೆ ಅವನ ಗಿರಾಕಿಗಳು ಮೂಗು ಮುಚ್ಚಿಕೊಂಡೇ ಫೋನು ನೋಡುತ್ತಿದ್ದರು. ಹಲಗೆ ಕಿತ್ತದ್ದೇ ತಡ, ಬೂಸ್ಟು ಹಿಡಿದ ಗೋಡೆಯ ವಾಸನೆ ನನ್ನ ಅಂಗಡಿಗೂ ನುಗ್ಗಿತು. ಅದನ್ನು ಓಡಿಸಲು ಅವನು ಧಾರಾಳವಾಗಿ ಫಿನಾಯಿಲ್ ಸುರಿದ. ಬೂಸ್ಟು ಮತ್ತು ಫಿನಾಯಿಲ್, ಎರಡೂ ಸೇರಿದ ಆ ವಾಸನೆ ಬಂದಾಗ ನಾನು ನೋಟ್‌ಬುಕ್ ಕಟ್ಟುತ್ತಿದ್ದವನು ಹಾಗೇ ಕೂತೆ. ಹೋಟೆಲಕ್ಕ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತ ಹಾಗಾಯಿತು...

ಬ್ರಹ್ಮಾವರದಲ್ಲಿ ಹೆದ್ದಾರಿಗೆ ಮುಖ ಮಾಡಿದ ಕಟ್ಟಡದ ಕೆಳ ಅಂತಸ್ತಿನಲ್ಲಿ ನನ್ನದು ಪುಸ್ತಕದಂಗಡಿ. ಪುಸ್ತಕ ಎಂದರೆ ಶಾಲೆ ಮಕ್ಕಳ ನೋಟ್‌ಬುಕ್ಕು, ಪೆನ್ನು, ಒಂದು ಜೆರಾಕ್ಸ್ ಮಿಷನ್ನು. ಈಗ ಮೊಬೈಲ್ ಅಂಗಡಿ ಇರುವ ಕೋಣೆಯಲ್ಲಿ ಆಗ ಅಕ್ಕನ ಹೋಟೆಲ್ ಇತ್ತು. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಗೋಡೆ. ಮುಂಬೈಯಲ್ಲಿ ಗಂಡನ ಜತೆ ಕ್ಯಾಂಟೀನ್ ನಡೆಸಿ, ಗಂಡ ತೀರಿಕೊಂಡ ಮೇಲೆ ಊರಿಗೆ ಬಂದವರು ಅವರು. ಅವರ ಬನ್ಸಿಗಾಗಿ ಬಸ್ಸು ತಪ್ಪಿಸಿಕೊಂಡವರನ್ನು ನಾನು ಕಂಡಿದ್ದೇನೆ. ಆದರೆ ಅವರಿಗೆ ಬನ್ಸಿಗಿಂತ ಹೆಚ್ಚಿನ ಹೆಮ್ಮೆ ನೆಲದ ಮೇಲೆ. ಚಾ ಕುಡಿಯುತ್ತ ಕೂತವರು ಯಾರೇ ಆಗಲಿ, "ಹ್ವಾಯ್, ಕಾಲ್ ಮೇಲ್ ಮಾಡಿ" ಎಂದು ಗದರಿಸಿ, ಮೇಜಿನ ಅಡಿಗೆ ಒರೆಸು ಬಟ್ಟೆ ನುಗ್ಗಿಸಿಬಿಡುತ್ತಿದ್ದರು.

ರಸ್ತೆ ಅಗಲ ಮಾಡುವಾಗ ಹೆದ್ದಾರಿ ಎತ್ತರವಾಯಿತು, ನಮ್ಮ ಅಂಗಡಿಗಳು ತಗ್ಗಿಗೆ ಬಿದ್ದವು. ಮಳೆಗಾಲದಲ್ಲಿ ಚರಂಡಿ ತುಂಬಿದರೆ ನೀರು ನಮ್ಮ ಮೆಟ್ಟಿಲಿನವರೆಗೆ ಬಂದು ಇಣುಕಿ ಹೋಗುತ್ತಿತ್ತು. ಆ ವರ್ಷ ಆಷಾಢದ ಒಂದು ಸಂಜೆ ಇಣುಕಲಿಲ್ಲ, ಒಳಗೇ ಬಂತು. ಕರೆಂಟು ಹೋಗಿತ್ತು. ಶಾಲೆ ಶುರುವಾದ ಹೊಸತು, ಬ್ಯಾಂಕಿನ ಸಾಲದಲ್ಲಿ ತರಿಸಿದ ಮಾಲೆಲ್ಲ ಕಪಾಟುಗಳಲ್ಲಿತ್ತು. ಕೈಗೆ ಸಿಕ್ಕಿದ್ದನ್ನು ಮೇಲೆ ಎಸೆದೆ. ಕೆಳಗಿನ ಎರಡು ಸಾಲು ನನ್ನ ಕಣ್ಣೆದುರೇ ಮುಳುಗಿತು. ಆ ಗಡಿಬಿಡಿಯಲ್ಲೂ ಫೋನಿನಲ್ಲಿ ಫೋಟೊ ತೆಗೆದೆ. ಆಮೇಲೆ ನೋಡಿದರೆ ಕೆಂಪು ನೀರು, ಅದರಲ್ಲಿ ನನ್ನ ಮೊಣಕಾಲು. ಅದು ಯಾರ ಅಂಗಡಿಯೂ ಆಗಬಹುದಿತ್ತು, ಯಾರ ಮೊಣಕಾಲೂ ಆಗಬಹುದಿತ್ತು.

ಬೆಳಗಾಗುವಾಗ ನೀರು ಇಳಿದಿತ್ತು. ಗೋಡೆಯ ಸುತ್ತ ಮೊಣಕಾಲಿನ ಎತ್ತರಕ್ಕೆ ಕೆಸರಿನ ಗೆರೆ, ನೂಲು ಹಿಡಿದು ಎಳೆದ ಹಾಗೆ ನೇರವಾಗಿ ನಿಂತಿತ್ತು. ಸಾಲ ಕೊಡುವಾಗ ಬ್ಯಾಂಕಿನವರೇ ಮಾಲಿಗೆ ಇನ್ಶೂರೆನ್ಸ್ ಮಾಡಿಸಿದ್ದರು. ಇನ್ಶೂರೆನ್ಸಿನವರಿಗೆ ಫೋನು ಮಾಡಿದರೆ, ನಷ್ಟದ ಲೆಕ್ಕ ಹಾಕುವ ಸರ್ವೆಯರ್ ಅದೇ ರಸ್ತೆಯ ಬೇರೆ ಅಂಗಡಿಗಳಿಗೆ ಮರುದಿನ ಬರುವವರಿದ್ದಾರೆ, ನಿಮ್ಮಲ್ಲಿಗೂ ಬರುತ್ತಾರೆ, ಯಾವುದನ್ನೂ ಕದಲಿಸಬೇಡಿ ಎಂದರು. ನನಗೆ ಪಾಲಿಸಿಯ ಕಾಗದ ತರಲು ಉಡುಪಿಗೆ ಹೋಗಲೇಬೇಕಿತ್ತು. ಬೀಗದ ಕೈ ಅಕ್ಕನ ಕೈಯಲ್ಲಿಟ್ಟು, "ನಾಳೆ ಇನ್ಶೂರೆನ್ಸಿನ ಆಫೀಸರ್ ಬತ್ರ್ ಅಕ್ಕ, ಅಂಗ್ಡಿ ಒಂಚೂರ್ ಕಂಡ್ಕಣಿ" ಎಂದೆ.

ಕಂಡ್ಕಣಿ. ನಾನು ಹೇಳಿದ್ದು ಯಾರೂ ಒಳಗೆ ಬಾರದಂತೆ ನೋಡಿ ಎಂದು. ಅಕ್ಕ ತಿಳಿದದ್ದು, ನನ್ನಿಂದಾಗುವುದಿಲ್ಲ, ನೀವೇ ನೋಡಿಕೊಳ್ಳಿ ಎಂದು. ತಪ್ಪು ಯಾರದ್ದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮೂರಿನಲ್ಲಿ ಆ ಮಾತಿಗೆ ಎರಡೂ ಅರ್ಥ ಇದೆ.

ಸಂಜೆ ನಾನು ಬಂದವನು ಬಾಗಿಲಲ್ಲೇ ನಿಂತೆ. ನೆಲ ಫಳಫಳ ಹೊಳೆಯುತ್ತಿತ್ತು. ಗೋಡೆ ತೊಳೆದಾಗಿತ್ತು. ಕೆಸರಿನ ಗೆರೆ ಹುಡುಕಿದರೂ ಇರಲಿಲ್ಲ. ಒದ್ದೆ ಕಟ್ಟುಗಳನ್ನೆಲ್ಲ ಒಂದೊಂದಾಗಿ ಒರೆಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದರು. ಇಡೀ ಅಂಗಡಿ ಫಿನಾಯಿಲ್ ವಾಸನೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದರು.

"ನಾಳಿಗ್ ಆಫೀಸರ್ ಬಪ್ಪುದಲ್ದಾ? ಆ ಕೆಸ್ರಂಗ್ ಅವ್ರ್ ಎಲ್ಲ್ ಕೂಕಂಬುದ್ ತಮ್ಮಾ?"

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಒಂದು ಹಗಲಿಡೀ ನನ್ನ ಅಂಗಡಿಯಲ್ಲಿ ಸೊಂಟ ಬಗ್ಗಿಸಿದವರಿಗೆ ಏನೆಂದು ಬೈಯುವುದು? ಇವತ್ತಿಗೂ ಆ ಸಿಟ್ಟು ಪೂರ್ತಿ ಹೋಗಿಲ್ಲ. ಅವರ ಮೇಲಿನ ಪ್ರೀತಿಯ ಜತೆಗೇ ಅದೂ ಒಂದು ಮೂಲೆಯಲ್ಲಿ ಕೂತಿದೆ.

ಗಾಯದ ಮೇಲೆ ಉಪ್ಪು ಹಾಕಿದ ಹಾಗೆ ಇನ್ನೊಂದಾಗಿತ್ತು. ಗುಡಿಸಲೆಂದು ಅಕ್ಕ ಹಿಂದಿನ ಕಪಾಟನ್ನು ಎಳೆದಿದ್ದರು. ಮೇಲಿನ ಮನೆಯ ಬಚ್ಚಲಿನ ಪೈಪು ಜಿನುಗಿ ಅಲ್ಲಿ ಗೋಡೆಗೆ ಯಾವತ್ತೋ ಕಪ್ಪಗೆ ಬೂಸ್ಟು ಬಂದಿತ್ತು. ಕಟ್ಟಡದ ಯಜಮಾನರಿಗೆ ಹೇಳಿ ಹೇಳಿ ಸಾಕಾಗಿ ನಾನೇ ಕಪಾಟು ಅಡ್ಡ ಇಟ್ಟಿದ್ದೆ. ತೊಳೆದರೆ ಹೋಗುವ ಗೆರೆ ಹೋಗಿತ್ತು, ತೊಳೆದರೂ ಹೋಗದ ಬೂಸ್ಟು ಎದುರಿಗೆ ಬಂದಿತ್ತು.

ಮರುದಿನ ಸರ್ವೆಯರ್ ಬಂದವರು ಮೊದಲು ನೋಡಿದ್ದೇ ಅದನ್ನು. ಘಟ್ಟದ ಮೇಲಿನವರು, ಮಾತು ಕಡಿಮೆ. ಗೋಡೆಗೆ ಬೆರಳು ಒತ್ತಿ, ಬೆರಳನ್ನು ನೋಡಿಕೊಂಡರು.

"ಇದು ಹಳೇ ತೇವ. ಜಿನುಗಿದ್ದಕ್ಕೆ, ಬೂಸ್ಟಿಗೆ ಪಾಲಿಸಿಯಲ್ಲಿ ದುಡ್ಡಿಲ್ಲ."

"ನೆರೆ ನೀರು ಬಂದದ್ದು ಸಾರ್. ಇಡೀ ರಸ್ತೆಗೇ ಬಂದಿದೆ."

"ಬಂದಿರಬಹುದು. ನಿಮ್ಮ ಅಂಗಡಿಯಲ್ಲಿ ಎಷ್ಟು ಎತ್ತರ ನಿಂತಿತ್ತು? ಪಾದ ಮುಳುಗಿದರೆ ಒಂದು ಲೆಕ್ಕ, ಎರಡು ಸಾಲು ಕಪಾಟು ಮುಳುಗಿದರೆ ಬೇರೆ ಲೆಕ್ಕ. ಗುರುತೆಲ್ಲಿ?"

ನಾನು ಮೊಣಕಾಲಿನ ಫೋಟೊ ತೋರಿಸಿದೆ. ಅವರು ಫೋಟೊ ನೋಡಿದರು, ನನ್ನ ಮುಖ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. ಆ ಮುಚ್ಚಳದ ಟಕ್ ಎಂಬ ಸದ್ದು ಈಗಲೂ ಕಿವಿಯಲ್ಲಿದೆ. ಅಂಗಡಿ ಹೋಯಿತು ಎಂದೇ ತಿಳಿದೆ. ಆ ಮಾಲು ಮಾರಿಯೇ ಬ್ಯಾಂಕಿನ ಕಂತು ಕಟ್ಟಬೇಕಿತ್ತು.

ಅಷ್ಟರಲ್ಲಿ ಅಕ್ಕ ಚಾ ತಂದಿದ್ದರು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಲೋಟ ಕೆಳಗಿಟ್ಟು ಹೇಳಿದರು:

"ಒರ್ಸಿದ್ ನಾನ್ ಸಾರ್. ಅಂವ ಹೇಳಿದ್ದಲ್ಲ. ಗೆರೆ ಬೇಕಾ ನಿಮ್ಗೆ? ಬನಿ."

ನಾವು ಅವರ ಹಿಂದೆ ಹೋದೆವು. ಹೋಟೆಲಿನ ಒಳಗೆ ಕಾಲಿಟ್ಟಾಗ ನಾನು ದಂಗಾದೆ. ನೆಲದ ಮೇಲೆ ಕೆಸರು ಹಾಗೇ ಇತ್ತು. ಬೆಂಚು ಅಡ್ಡ ಬಿದ್ದಿತ್ತು. ಒದ್ದೆಯಾದ ಮೈದಾ ಚೀಲಗಳಿಂದ ಹುಳಿ ವಾಸನೆ ಬರುತ್ತಿತ್ತು. ಒಂದು ಹನಿ ಚಾ ಚೆಲ್ಲಿದರೂ ತಡೆಯದ ಹೆಂಗಸು ನನ್ನ ಅಂಗಡಿ ತೊಳೆಯುವ ಭರದಲ್ಲಿ ತನ್ನದರಲ್ಲಿ ಒಲೆಯ ಬುಡವನ್ನಷ್ಟೇ ಗುಡಿಸಿಕೊಂಡಿದ್ದರು. ನಮ್ಮಿಬ್ಬರ ನಡುವಿನ ಆ ಗೋಡೆಯ ಮೇಲೆ ಗೆರೆ ಇತ್ತು, ಮೊಣಕಾಲಿನ ಎತ್ತರಕ್ಕೆ, ನೇರವಾಗಿ.

"ಇಲ್ಕಾಣಿ. ಗ್ವಾಡಿ ಒಂದೇ. ನೀರೂ ಒಂದೇ."

ಸರ್ವೆಯರ್ ಟೇಪು ಹಿಡಿದು ಅಳೆದರು. ಎರಡೂ ಕಡೆಯ ನೆಲದ ಮಟ್ಟ ನೋಡಿದರು. ಫೋಟೊ ತೆಗೆದರು. ಮೊದಲ ಸಲ ಅವರ ಮುಖ ಸ್ವಲ್ಪ ಸಡಿಲವಾಯಿತು. "ಪಕ್ಕದ ಅಂಗಡಿಯ ಗುರುತು ನಾನೊಬ್ಬನೇ ನೋಡಿದರೆ ಸಾಲದು ಅಮ್ಮ. ಕಂಪನಿಯವರೂ ಬಂದು ನೋಡಬೇಕು. ಅಲ್ಲಿವರೆಗೆ ಈ ಗೋಡೆ ಮುಟ್ಟಬೇಡಿ" ಎಂದರು. ಹೊರಡುವಾಗ, ನಿಮ್ಮ ಪಾಲಿಸಿ ಎಲ್ಲಿ ಎಂದು ಅಕ್ಕನನ್ನು ಕೇಳಿದರು. ಅಕ್ಕ ನಕ್ಕರು. ಅವರಿಗೆ ಯಾವ ಪಾಲಿಸಿಯೂ ಇರಲಿಲ್ಲ.

ಕಂಪನಿಯವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎನ್ನುತ್ತ ದಿನ ದೂಡಿದರು. ಅಕ್ಕ ನೆಲ ತೊಳೆದರು, ಬೆಂಚು ತೊಳೆದರು, ಆ ಗೋಡೆ ಮಾತ್ರ ಬಿಟ್ಟರು. ಬಿಸಿಲು ಕಾಣದ ತಿಂಗಳು. ಗೆರೆಯ ಕೆಳಗೆ ಮೊದಲು ಬೆಳ್ಳಗೆ, ಆಮೇಲೆ ಹಸುರಾಗಿ, ಆಮೇಲೆ ಕಪ್ಪಾಗಿ ಬೂಸ್ಟು ಏರಿತು. ಗಿರಾಕಿಗಳು ಮುಖ ಸಿಂಡರಿಸಿದರೆ, "ಅದ್ ಸರ್ಕಾರಿ ಗೆರೆ ಮಾರಾಯ್ರೆ, ಮುಟ್ಟೂಕಾಗ" ಎಂದು ತಮಾಷೆ ಮಾಡುತ್ತಿದ್ದರು. ತಮಾಷೆಗೆ ನಕ್ಕವರು ಮರುದಿನ ಚಾ ಕುಡಿಯಲು ಎದುರಿನ ಹೋಟೆಲಿಗೆ ಹೋಗುತ್ತಿದ್ದರು. ದಿನಾ ಬೆಳಿಗ್ಗೆ ನಾನು ಬಾಗಿಲು ತೆರೆಯುವಾಗ ಅಕ್ಕ ಬಟ್ಟೆ ಹಿಡಿದು, ಒರೆಸಲು ಒಪ್ಪಿಗೆ ಕೇಳುತ್ತಿದ್ದರು: "ಇವತ್ತ್ ಒರ್ಸ್ಲಕ್ಕಾ?"

"ಇವತ್ತ್ ಬ್ಯಾಡ ಅಕ್ಕ."

ಆಮೇಲೆ ಅಕ್ಕನಿಗೆ ಕೆಮ್ಮು ಶುರುವಾಯಿತು. ಮಾತಿನ ನಡುವೆ ಉಸಿರು ಕಟ್ಟತೊಡಗಿತು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ದುಡ್ಡು ಹ್ವಾರೆ ಹೋಯ್ಲಿ, ನೀವ್ ಒರ್ಸಿ ಅಕ್ಕ" ಎಂದು ಜೋರಾಗಿಯೇ ಹೇಳಿದೆ. ಬಕೆಟ್ ನಾನೇ ತಂದೆ. ಅಕ್ಕ ಬಕೆಟ್ ಕಸಿದುಕೊಂಡು ಹೊರಗಿಟ್ಟರು.

"ಒಂದ್ ಸಲ ಒರ್ಸಿ ನಿನ್ ಹೊಟ್ಟಿಗ್ ಹೊಡ್ದೆ. ಇನ್ನೊಂದ್ ಸಲ ನನ್ ಕೈಯಗ್ ಆತಿಲ್ಲೆ."

ಚೌತಿ ಕಳೆದ ಮೇಲೆ ಮಗಳು ಬಂದು ಅವರನ್ನು ಕಿರಿಮಂಜೇಶ್ವರಕ್ಕೆ ಕರೆದುಕೊಂಡು ಹೋದಳು. ಹೋಟೆಲಿಗೆ ಬೀಗ ಬಿತ್ತು. ಕಂಪನಿಯವರು ಬಂದದ್ದು ಅದರ ನಂತರ. ಬಾಗಿಲಲ್ಲೇ ನಿಂತು ಗೆರೆ ನೋಡಿ, ತಲೆಯಾಡಿಸಿ ಹೋದರು. ಬೂಸ್ಟು ಗೋಡೆಗೆ ಅಡ್ಡ ಇಟ್ಟಿದ್ದ ಕಪಾಟಿನ ಮಾಲು ಬಿಟ್ಟು ಉಳಿದದ್ದಕ್ಕೆಲ್ಲ ದುಡ್ಡು ಬಂತು. ನನ್ನ ಅಂಗಡಿ ಉಳಿಯಿತು.

ಆ ಸುದ್ದಿ ಹೇಳಲು ಫೋನು ಮಾಡಿದರೆ ಅಕ್ಕ ಮೊದಲು ಕೇಳಿದ್ದೇ ಗೋಡೆಯನ್ನು. "ಒರ್ಸಿದ್ಯಾ ತಮ್ಮಾ?" ಅಷ್ಟರಲ್ಲಿ ಯಜಮಾನರು ಹೊಸ ಬಾಡಿಗೆಯವರಿಗಾಗಿ ಅದರ ಮೇಲೆ ಪ್ಲೈವುಡ್ ಹೊಡೆಸಿಯಾಗಿತ್ತು. ಹಾಗೆಂದೆ.

"ಹಲ್ಗಿ ಹೊಡ್ದ್ರೆ ಕೊಳಿ ಹೋತ್ತಾ?" ಎಂದರು. ಆಮೇಲೆ ಕೆಮ್ಮು ಬಂದು ಮಾತು ಮುಂದುವರಿಯಲಿಲ್ಲ... ನೋಡಲು ಹೋದಾಗಲೆಲ್ಲ ಬಪ್ಪ ವರ್ಷ ಹೋಟೆಲ್ ತೆರೆಯುತ್ತೇನೆ ಎನ್ನುತ್ತಿದ್ದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು.

ಕಳೆದ ವಾರ ಹಲಗೆ ಕಿತ್ತ ಮೇಲೆ ಮೊಬೈಲ್ ಅಂಗಡಿಯವನು ನನ್ನನ್ನು ಕರೆದ. "ಇದ್ ಎಂತ ಗೆರೆ ಅಣ್ಣಾ? ಪೇಂಟಿನವ ನಾಳೆ ಬತ್ತ, ಇದ್ರ ಮೇಲೇ ಹೊಡಿಲಕ್ಕಾ?" ಕಪ್ಪು ಬೂಸ್ಟಿನ ನಡುವೆ ಅದು ಹಾಗೇ ಇತ್ತು, ಮೊಣಕಾಲಿನ ಎತ್ತರಕ್ಕೆ, ನೇರವಾಗಿ.

ಬೇಡ ಎಂದೆ. ಮೊದಲು ಮೇಲಿನ ಮನೆಯ ಬಚ್ಚಲಿನ ಪೈಪು ಸರಿಯಾಗಲಿ, ಗೋಡೆ ಒಣಗಲಿ ಎಂದೆ. ಅವನ ಬಕೆಟ್ಟನ್ನೇ ಕೇಳಿ ಪಡೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತೆ. ಒಣಗಿ ಕಲ್ಲಾಗಿದ್ದ ಕೆಸರು ನೀರು ಕುಡಿದು ಮೆಲ್ಲಗೆ ಬಿಟ್ಟುಕೊಂಡಿತು. ಈ ತುದಿಯಿಂದ ಆ ತುದಿಯವರೆಗೆ ಒರೆಸಿದೆ. ಬೆನ್ನಿನ ಹಿಂದೆ ಯಾರೋ ಬಟ್ಟೆ ಹಿಡಿದು ಕಾಯುತ್ತಿರುವ ಹಾಗೆ ಅನ್ನಿಸಿ, "ಈಗ ಒರ್ಸ್ಲಕ್ಕ್ ಅಕ್ಕ" ಎಂದು ತಿರುಗಿದೆ.

ಮೊಬೈಲ್ ಅಂಗಡಿಯವನು ಏನು ಎಂದು ಕೇಳಿದ. ಏನಿಲ್ಲ ಎಂದು ಕೊಳೆ ನೀರನ್ನು ಚರಂಡಿಗೆ ಚೆಲ್ಲಿದೆ.