ಸ್ವಾಪ್‌ಗಿಂತ ಮೊದಲು ಎರಡನೇ ಡಿಸ್ಕು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಾಗಮಂಗಲದ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದೆ. ದಿನವೂ ಪಾಂಡವಪುರದಿಂದ ಬಸ್ಸು. ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುವ ಆ ಬಸ್ಸಿಗಿಂತ ನಿಧಾನವಾದದ್ದೆಂದರೆ ನಮ್ಮ ಲ್ಯಾಬಿನ ಸರ್ವರು ಒಂದೇ. ಹುಡುಗರ ಮಿಷನ್ನುಗಳೆಲ್ಲ ನೇತುಬಿದ್ದಿದ್ದ ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆವು. ಪುಕ್ಕಟೆ ಸಿಗುತ್ತದೆಂಬ ಒಂದೇ ಕಾರಣಕ್ಕೆ ಪ್ರಿನ್ಸಿಪಾಲರಿಗೆ ಲಿನಕ್ಸ್ ಮೇಲೆ ಅಪಾರ ಭಕ್ತಿ.

ಹುಡುಗರೆಲ್ಲ ಒಟ್ಟಿಗೆ ಕೆಲಸ ಶುರುಮಾಡಿದರೆ ಸಾಕು, ಸರ್ವರು ಪರದೆಯ ತುಂಬ ಅಂಕಿ ಅಕ್ಷರ ಕಾರಿಕೊಂಡು ಸತ್ತುಬೀಳುತ್ತಿತ್ತು. ಎಲ್ಲರ ಪ್ರೋಗ್ರಾಮೂ ಗೋವಿಂದ. "ಚಪ್ಪಲಿ ಹಾಕ್ಕೊಂಡು ಒಳಗೆ ಬಿಟ್ರೆ ಇನ್ನೇನಾಗುತ್ರೀ?" ಎಂದು ಪ್ರಿನ್ಸಿಪಾಲರು ಎಲ್ಲರಿಗೂ ಹೊರಗೇ ಚಪ್ಪಲಿ, ಬೂಟು ಬಿಡಿಸಿದರು. ಸರ್ವರು ಸಾಯುವುದು ನಿಲ್ಲಲಿಲ್ಲ. ಕಾಲ್ಚೀಲದ ವಾಸನೆ ಮಾತ್ರ ಹೊಸದಾಗಿ ಸೇರಿತು.

ನಮ್ಮ ಕಾಲೇಜಿನಲ್ಲಿದ್ದ ಕೆ.ಆರ್. ಪೇಟೆ ಕಡೆಯ ಲೆಕ್ಚರರೊಬ್ಬ ನನ್ನ ಜೊತೆ ಓದಿದ ಗೆಳೆಯ. ಬಾಯಿ ಕೆಟ್ಟದ್ದು, ತಲೆ ಒಳ್ಳೆಯದು. ಮೈಸೂರಿನ ಪರಿಚಯದವರಿಂದ ಫ್ಲಾಪಿಯಲ್ಲಿ ಒಂದು ಪ್ರೋಗ್ರಾಮು ತಂದ.

"ಇದ್ನ ಹಾಕುದ್ರೆ ಸರ್ವರು ಸಾಯೋವಾಗ ತನ್ ತಲೇಲಿ ಏನಿತ್ತೋ ಎಲ್ಲಾನೂ ಡಿಸ್ಕಿಗೆ ಬರ್ದಿಟ್ಬುಟ್ಟು ಸಾಯ್ತದೆ ಕಣ್ಲಾ. ಓದ್ಕಂಡ್ರೆ ಕಾಯಿಲೆ ಗೊತ್ತಾಯ್ತದೆ," ಎಂದ.

ಮೆಮೊರಿ ಸಾಲದಿದ್ದಾಗ ಬಳಸಲೆಂದು ಡಿಸ್ಕಿನಲ್ಲಿ ಬಿಟ್ಟಿರುವ ಸ್ವಾಪ್ ಎಂಬ ಖಾಲಿ ಜಾಗದಲ್ಲಿ ಸರ್ವರು ಹಾಗೆ ಬರೆದಿಡುತ್ತಿತ್ತು. ಮತ್ತೆ ಚಾಲೂ ಮಾಡಿದಾಗ ಅದನ್ನು ಫೈಲಾಗಿ ನಕಲು ಮಾಡಿಕೊಳ್ಳಬೇಕು. ಸರ್ವರಿನ ಎರಡು ಡಿಸ್ಕುಗಳಲ್ಲಿ ಮೊದಲನೆಯದು ತುಂಬಿಹೋಗಿತ್ತು, ಎರಡನೆಯದರಲ್ಲಿ ಜಾಗವಿತ್ತು. ಅಲ್ಲಿಗೇ ನಕಲು ಮಾಡುವಂತೆ ಗೆಳೆಯ, ಸರ್ವರು ಏಳುವಾಗ ಸಾಲಾಗಿ ಮಾಡಬೇಕಾದ ಕೆಲಸಗಳ ಪಟ್ಟಿಯಾದ ಬೂಟ್ ಸ್ಕ್ರಿಪ್ಟಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದ. ಸರ್ವರು ಸತ್ತಿತು, ಎದ್ದಿತು. ಫೈಲು ಇಲ್ಲ. ಮತ್ತೆ ಸತ್ತಿತು. ಆಗಲೂ ಇಲ್ಲ.

"ಬರ್ದಿದ್ದಂತೂ ದಿಟ. ಯಾವ್ ಮುಂಡೇದು ನುಂಗ್ತದೋ ಕಾಣೆ," ಎಂದ ಗೆಳೆಯ.

ಸ್ಕ್ರಿಪ್ಟನ್ನು ಮೇಲಿಂದ ಓದುತ್ತ ಬಂದಾಗ ನನಗೆ ಹೊಳೆಯಿತು. ಸರ್ವರು ಎದ್ದ ಕೂಡಲೇ ಸ್ವಾಪನ್ನು ಬಳಕೆಗೆ ತೆಗೆದುಕೊಳ್ಳುತ್ತಿತ್ತು. ಎರಡನೇ ಡಿಸ್ಕನ್ನು ಜೋಡಿಸುತ್ತಿದ್ದದ್ದು ಆಮೇಲೆ. ನಮ್ಮ ನಕಲಿನ ಸಾಲು ಬರುವಷ್ಟರಲ್ಲಿ ಇದ್ದ ಪ್ರೋಗ್ರಾಮುಗಳೆಲ್ಲ ಎದ್ದು, ಮೆಮೊರಿ ಸಾಲದೆ, ಸ್ವಾಪಿನಲ್ಲಿದ್ದುದರ ಮೇಲೆಯೇ ಬರೆದುಬಿಟ್ಟಿರುತ್ತಿದ್ದವು.

ಎರಡನೇ ಡಿಸ್ಕು ಜೋಡಿಸುವ ಸಾಲನ್ನೂ ನಕಲಿನ ಸಾಲನ್ನೂ ಎತ್ತಿ ಸ್ವಾಪಿನ ಸಾಲಿಗಿಂತ ಮೇಲಿಟ್ಟೆ. ಬೀಗುತ್ತ ಚಾಲೂ ಮಾಡಿದೆ. ಡಿಸ್ಕನ್ನು ಪರೀಕ್ಷಿಸುವ ಸಾಲು ಇನ್ನೂ ಕೆಳಗೇ ಉಳಿದಿತ್ತು. ಪರೀಕ್ಷೆ ಆಗುವ ಮೊದಲೇ ಜೋಡಿಸಿದ್ದಕ್ಕೆ ಸರ್ವರು ಮುನಿಸಿಕೊಂಡು ಅರ್ಧಕ್ಕೇ ನಿಂತು ಪಾಸ್‌ವರ್ಡ್ ಕೇಳಿತು. ಹುಡುಗರು ಪಾಸ್‌ವರ್ಡಿಗೆ ಕಾಯದೆ ಕ್ಯಾಂಟೀನಿಗೆ ಹೋದರು.

"ಕೈ ತೊಳೀದೆ ಉಣ್ಣಕ್ ಕೂತಂಗಾಯ್ತು. ಮೊದ್ಲು ಡಿಸ್ಕು ಚೆಕ್ ಮಾಡು, ಆಮ್ಯಾಕೆ ಜೋಡ್ಸು, ನಕಲು ತಗೊ. ಸ್ವಾಪು ಕಡೇಲಿರ್ಲಿ," ಎಂದ ಗೆಳೆಯ.

ಹಾಗೇ ಮಾಡಿದೆ. ಮರುದಿನ ಸರ್ವರು ಸತ್ತಾಗ ಇಬ್ಬರಿಗೂ ಮಗು ಹುಟ್ಟಿದಷ್ಟು ಸಂಭ್ರಮ. ಎದ್ದ ಮೇಲೆ ಎರಡನೇ ಡಿಸ್ಕಿನಲ್ಲಿ ದಪ್ಪನೆಯ ಫೈಲೊಂದು ಕೂತಿತ್ತು. ಮಧ್ಯಾಹ್ನದ ಊಟ ಬಿಟ್ಟು ಕೆದಕಿದೆವು. ಹುಡುಗರ ಮಿಷನ್ನುಗಳೊಂದಿಗೆ ಮಾತಾಡಲು ಸರ್ವರಿನಲ್ಲಿದ್ದ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರೆಂಬ ಪ್ರೋಗ್ರಾಮಿನೊಳಗೇ ಅದು ಎಡವಿ ಬಿದ್ದಿತ್ತು. ಬೇರೆ ಕಂಪನಿಯ ಕಾರ್ಡು ಹಾಕಿದರೆ ಬೇರೆ ಡ್ರೈವರು, ಅಲ್ಲಿಗೆ ಪೀಡೆ ಕಳೆದಂತೆ. ಆದರೆ ಹೊಸ ಕಾರ್ಡಿಗೆ ಅರ್ಜಿ ಹಾಕಿದರೆ ಅದು ಬರುವಷ್ಟರಲ್ಲಿ ಹುಡುಗರ ಮದುವೆಯೇ ಆಗಿರುತ್ತಿತ್ತು.

"ಪ್ರಿನ್ಸಿಪಾಲರ ಮಿಷನ್ನಲ್ಲಿ ಒಳ್ಳೇ ಕಾರ್ಡೈತೆ ಕಣ್ಲಾ," ಎಂದ ಗೆಳೆಯ.

ಅವರು ಮೇಲುಕೋಟೆಗೆ ಯಾರದೋ ಮದುವೆಗೆ ಹೋದ ದಿನ ಎರಡೂ ಕಾರ್ಡು ಅದಲುಬದಲು ಮಾಡಿದೆವು. ಸರ್ವರು ಅಂದಿನಿಂದ ಸಾಯಲಿಲ್ಲ. ಪ್ರಿನ್ಸಿಪಾಲರ ಕರೆ ಈಗ ಬಂತು, ಆಗ ಬಂತು ಎಂದು ನಾನು ಬಾಗಿಲು ನೋಡುತ್ತಿದ್ದೆ. ಗೆಳೆಯ ತಾನೇ ಅವರ ಕೋಣೆಗೆ ನುಗ್ಗಿದ. ನಾನು ಅವನ ಬೆನ್ನ ಹಿಂದೆ.

"ಸಾ, ನಿಮ್ ಮಿಷನ್ನು ಏನಾರ ತೊಂದ್ರೆ ಕೊಡ್ತಾ ಐತಾ?"

"ಏನಿಲ್ಲಪ್ಪ, ಮೊದಲಿಗಿಂತ ಜೋರಾಗೇ ಇದೆ," ಎಂದರು. ಪರದೆಯ ಮೇಲೆ ಇಸ್ಪೀಟು ಹರಡಿತ್ತು, ಕೆಂಪು ರಾಣಿಯನ್ನು ಎಲ್ಲಿಡುವುದೆಂದು ಯೋಚಿಸುತ್ತಿದ್ದರು. ಇಸ್ಪೀಟಿಗೆ ನೆಟ್‌ವರ್ಕ್ ಕಾರ್ಡು ಬೇಕಿರಲಿಲ್ಲ.

ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಫೇಲಾದವರಿಗೆ ಮನೆಯಲ್ಲಿ ಹೇಳಲು ಒಂದು ನೆಪವೂ ಉಳಿಯಲಿಲ್ಲ.